ಕಪ್ಪೆಯ ನಾಲಗೆ: ತುಂಗೆಯ ದಡದಿಂದ ಒಂದು ಚರಿತ್ರೆ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟರೆ ಕೆರೆಕಟ್ಟೆಗಿಂತ ಮೊದಲು ಸಿಗುವ ಊರು ನೆಮ್ಮಾರ್. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು, ನಡುವೆ ಗದ್ದೆ ಮತ್ತು ಅಡಿಕೆ ತೋಟ. ಜೂನ್ ತಿಂಗಳ ಮೊದಲ ಮಳೆಗಳು ಬಿದ್ದ ಒಂದು ಸಂಜೆ ಅಲ್ಲಿನ ಮನೆಯೊಂದರ ಜಗಲಿಯಲ್ಲಿ ಕುಳಿತಿದ್ದೆ. ಕರೆಂಟು ಹೋಗಿ ಬಂದಿತ್ತು. ಬಲ್ಬಿನ ಸುತ್ತ ರೆಕ್ಕೆ ಬಂದ ಗೆದ್ದಲುಗಳು ಮುತ್ತಿ, ಸುತ್ತಿ, ಕೆಳಗೆ ಬೀಳುತ್ತಿದ್ದವು. ಎಲ್ಲಿಂದಲೋ ಒಂದು ನೆಲಗಪ್ಪೆ ಬಂದು ಬೆಳಕಿನ ಅಂಚಿನಲ್ಲಿ ಕೂತಿತು. ಅದು ಕದಲಲಿಲ್ಲ, ಹಾರಲಿಲ್ಲ. ಆದರೆ ಅದರ ಮುಂದೆ ಬಿದ್ದ ಹುಳುಗಳು ಒಂದೊಂದಾಗಿ ಇಲ್ಲವಾಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಮನೆಯ ಹುಡುಗ ಕೇಳಿದ: "ಅಂಕಲ್, ಅದು ಬಾಯಿ ತೆರೆದದ್ದೇ ಕಾಣ್ಲಿಲ್ಲ. ಹುಳ ಎಲ್ಲಿಗೆ ಹೋಯ್ತು?"

ಹುಡುಗನ ಪ್ರಶ್ನೆಗೆ ನಾಲಗೆ ಎಂದು ಒಂದು ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಆ ನಾಲಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನುಷ್ಯ ಸರಿಯಾಗಿ ನೋಡಿದ್ದು ತೀರಾ ಇತ್ತೀಚೆಗೆ. ಕಪ್ಪೆಯನ್ನು ಅವನು ಸಾವಿರಾರು ವರ್ಷಗಳಿಂದ ಬಲ್ಲ. ಅದರ ಕೂಗನ್ನು ಕೇಳಿದ, ಮಳೆಗಾಗಿ ಅದಕ್ಕೆ ಮದುವೆ ಮಾಡಿಸಿದ, ಅದನ್ನು ಕಲ್ಲಿನಲ್ಲಿ ಕೆತ್ತಿದ, ಕೊಯ್ದು ನೋಡಿದ, ಕಾಲು ಕತ್ತರಿಸಿ ಹಡಗಿಗೆ ಹೇರಿದ. ಅದು ಹೇಗೆ ಉಣ್ಣುತ್ತದೆ, ಏನನ್ನು ಉಣ್ಣುತ್ತದೆ ಎಂದು ಕೇಳಿದ್ದು ಮಾತ್ರ ಕೊನೆಗೆ.

ಕಪ್ಪೆಗಳ ಚರಿತ್ರೆಯನ್ನು ಹೇಳಲು ಶೃಂಗೇರಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ನೆಮ್ಮಾರಿನಿಂದ ಹರಿದು ಬರುವ ತುಂಗೆ ಶೃಂಗೇರಿಯ ಮೆಟ್ಟಿಲುಗಳನ್ನು ಮುಟ್ಟುವಲ್ಲಿ 'ಕಪ್ಪೆ ಶಂಕರ' ಎಂಬ ಪುಟ್ಟ ಗುಡಿಯಿದೆ. ಪ್ರಸವವೇದನೆಯಲ್ಲಿದ್ದ ಕಪ್ಪೆಯೊಂದಕ್ಕೆ ನಡುಹಗಲಿನ ಬಿಸಿಲು ತಾಗದಂತೆ ನಾಗರಹಾವು ಹೆಡೆ ಬಿಚ್ಚಿ ನೆರಳು ಹಿಡಿದಿದ್ದನ್ನು ಶಂಕರಾಚಾರ್ಯರು ಇಲ್ಲಿ ಕಂಡರು, ಹುಟ್ಟುಹಗೆಗಳೂ ಹಗೆತನ ಮರೆಯುವ ನೆಲ ಇದೇ ಎಂದು ತಮ್ಮ ಪೀಠಕ್ಕೆ ಈ ಸ್ಥಳವನ್ನು ಆರಿಸಿಕೊಂಡರು ಎಂಬುದು ಸ್ಥಳಪುರಾಣ.

ಇಂತಹ ಕಥೆಗಳು ನಮ್ಮಲ್ಲಿ ಬೇರೆ ಕಡೆಯೂ ಇವೆ. ಹಂಪಿಯಲ್ಲಿ ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿದ್ದನ್ನು ಕಂಡು ಅಲ್ಲಿ ವಿಜಯನಗರವನ್ನು ಕಟ್ಟಿದರು ಎನ್ನುತ್ತಾರೆ. ಗುಜರಾತಿನ ಸುಲ್ತಾನ ಅಹ್ಮದ್ ಶಾಹ್ ಸಾಬರಮತಿಯ ದಡದಲ್ಲಿ ಅಂಥದ್ದೇ ಮೊಲವನ್ನು ಕಂಡು 1411ರಲ್ಲಿ ಅಹ್ಮದಾಬಾದನ್ನು ಕಟ್ಟಿದ ಎಂಬ ಕಥೆಯೂ ಇದೆ. ಹಿಂದೂ ಅರಸನಿರಲಿ, ಮುಸ್ಲಿಮ್ ಸುಲ್ತಾನನಿರಲಿ, ರಾಜಧಾನಿಗೆ ಬೇಕಾದ ಕಥೆ ಒಂದೇ: ಇಲ್ಲಿಯ ಮಣ್ಣಿನಲ್ಲಿ ದುರ್ಬಲನೂ ಬಲಶಾಲಿಯ ಮೇಲೆ ಎರಗುತ್ತಾನೆ. ಶೃಂಗೇರಿಯ ಕಥೆ ಹಾಗಲ್ಲ. ಇಲ್ಲಿ ಕಪ್ಪೆ ಹಾವನ್ನು ಸೋಲಿಸುವುದಿಲ್ಲ; ಹಾವೇ ಕಪ್ಪೆಯನ್ನು ಕಾಯುತ್ತದೆ. ಮಠಕ್ಕೂ ಅರಮನೆಗೂ ಇರುವ ಅಂತರವನ್ನು ಈ ಎರಡು ಬಗೆಯ ಕಥೆಗಳಲ್ಲಿ ಕಾಣಬಹುದೆಂದು ನನಗನ್ನಿಸುತ್ತದೆ. ಕಪ್ಪೆ ಮೊಟ್ಟೆಯಿಡುವ ಪ್ರಾಣಿ, ಅದಕ್ಕೆ ಎಲ್ಲಿಯ ಪ್ರಸವವೇದನೆ ಎಂದು ಯಾರಾದರೂ ಕೇಳಬಹುದು. ಕಥೆ ಕಟ್ಟಿದವರಿಗೆ ಬೇಕಾಗಿದ್ದುದು ಬಸುರಿಯೊಬ್ಬಳ ಅಸಹಾಯಕತೆ, ಜೀವಶಾಸ್ತ್ರವಲ್ಲ.

ಆದರೆ ಈ ಕಥೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಹಾವಿನ ಮುಂದೆ ಬಡಪಾಯಿಯಾದ ಕಪ್ಪೆ ತಾನೂ ಒಂದು ಬೇಟೆಗಾರ. ಹಾವಿನ ಬಾಯಲ್ಲಿದ್ದೂ ಹುಳುವಿನ ಮೇಲೆ ಆಸೆಯಿಡುವ ಕಪ್ಪೆಯ ಚಿತ್ರ 12ನೇ ಶತಮಾನದ ವಚನದಲ್ಲಿ ಬರುತ್ತದೆ. ಅಲ್ಲಿ ಅದು ಮನುಷ್ಯನ ಆಸೆಗೆ ಹೋಲಿಕೆ. ಹೋಲಿಕೆ ಕೊಟ್ಟವರು ಕಪ್ಪೆಯನ್ನು ಹತ್ತಿರದಿಂದ ನೋಡಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ಇಸ್ಲಾಮೀ ಪರಂಪರೆಯಲ್ಲಿ ಕಪ್ಪೆಯ ಸ್ಥಾನ ಏನು? ಪವಿತ್ರ ಕುರ್‌ಆನ್‌ನಲ್ಲಿ ಕಪ್ಪೆಯ ಹೆಸರು ಒಂದೇ ಕಡೆ, ಅಲ್ ಅಅ್‌ರಾಫ್ ಅಧ್ಯಾಯದ 133ನೇ ಸೂಕ್ತದಲ್ಲಿ ಬರುತ್ತದೆ. ಪ್ರವಾದಿ ಮೂಸಾ(ಅ)ರ ಮಾತಿಗೆ ಕಿವಿಗೊಡದ ಫಿರ್‌ಔನನ ಜನರ ಮೇಲೆ ಬಂದೆರಗಿದ ಪ್ರವಾಹ, ಮಿಡತೆ, ಹೇನು, ಕಪ್ಪೆ, ರಕ್ತ ಎಂಬ ದೃಷ್ಟಾಂತಗಳ ಸಾಲಿನಲ್ಲಿ ಅದಿದೆ. ಬೈಬಲಿನ ವಿಮೋಚನಾಕಾಂಡದಲ್ಲೂ ಈ ಪ್ರಸಂಗವಿದೆ. ಅಂದರೆ ಕಪ್ಪೆ ಇಲ್ಲಿ ಕೋಪದ ಕುರುಹು. ಆದರೆ ಹದೀಸ್‌ಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಒಬ್ಬ ವೈದ್ಯರು ಔಷಧಕ್ಕೆ ಕಪ್ಪೆಯನ್ನು ಬಳಸಬಹುದೇ ಎಂದು ಪ್ರವಾದಿ ಮುಹಮ್ಮದ್(ಸ)ರಲ್ಲಿ ಕೇಳಿದರು; ಪ್ರವಾದಿವರ್ಯರು(ಸ) ಕಪ್ಪೆಯನ್ನು ಕೊಲ್ಲುವುದನ್ನೇ ನಿಷೇಧಿಸಿದರು ಎಂಬ ವರದಿ ಅಬೂದಾವೂದ್‌ರ ಸಂಗ್ರಹದಲ್ಲಿದೆ. ಕೊಲ್ಲಬಾರದ್ದನ್ನು ತಿನ್ನುವಂತೆಯೂ ಇಲ್ಲ ಎಂದು ಶಾಫಿಈ ವಿದ್ವಾಂಸರು ಇದರಿಂದ ತೀರ್ಮಾನಿಸಿದರು. ಹನಫೀಗಳೂ ಕಪ್ಪೆಯನ್ನು ತಿನ್ನಬಾರದೆಂದರು. ಮಾಲಿಕೀ ಮದ್‌ಹಬ್ ಮಾತ್ರ ಅದಕ್ಕೆ ಅನುಮತಿ ನೀಡಿತು. ಕರಾವಳಿಯ ಬ್ಯಾರಿಗಳು ಶಾಫಿಈಗಳು, ಮಲೆನಾಡಿನ ಉರ್ದು ಮಾತಿನ ಮುಸ್ಲಿಮರು ಬಹುಪಾಲು ಹನಫೀಗಳು. ಹಾಗಾಗಿ ಘಟ್ಟದ ಮೇಲೂ ಕೆಳಗೂ ಮುಸ್ಲಿಮರ ಅಡುಗೆಮನೆಗೆ ಕಪ್ಪೆ ಬರಲಿಲ್ಲ.

ಕಪ್ಪೆಯ ಕೂಗು ದೇವಸ್ತುತಿ ಎನ್ನುವ, ಪ್ರವಾದಿ ಇಬ್ರಾಹೀಮ್(ಅ)ರನ್ನು ಬೆಂಕಿಗೆ ಎಸೆದಾಗ ಕಪ್ಪೆ ಬಾಯಲ್ಲಿ ನೀರು ತಂದು ಆರಿಸಲು ನೋಡಿತು ಎನ್ನುವ ವರದಿಗಳೂ ಇವೆ. ಅವುಗಳ ಪ್ರಾಮಾಣ್ಯದ ಬಗ್ಗೆ ವಿದ್ವಾಂಸರಲ್ಲಿ ಆಕ್ಷೇಪಗಳಿವೆ. ಆದರೂ ಜನಮನದಲ್ಲಿ ಉಳಿದದ್ದು ಅವೇ.

ಧರ್ಮದ ಮಾತು ಹೀಗಾದರೆ ವಿದ್ಯೆಯ ಮಾತು? ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಕಪ್ಪೆಯ ನಾಲಗೆಯ ವಿಚಿತ್ರವನ್ನು ಗುರುತಿಸಿದ್ದ. ನಮ್ಮ ನಾಲಗೆಯ ಬುಡ ಗಂಟಲಿನ ಕಡೆ, ತುದಿ ತುಟಿಯ ಕಡೆ. ಕಪ್ಪೆಯದು ತಿರುಗುಮುರುಗು. ಮುಂಭಾಗ ಕೆಳದವಡೆಗೆ ಅಂಟಿಕೊಂಡಿದೆ, ಗಂಟಲಿನ ಕಡೆಯ ತುದಿ ಬಿಡಿಯಾಗಿದೆ. ಇಷ್ಟು ಸರಿಯಾಗಿ ನೋಡಿದವನು ಉಪಯೋಗವನ್ನು ಹೇಳುವಾಗ ಎಡವಿದ. ಬಿಡಿಯಾದ ಆ ತುದಿಯಿಂದಲೇ ಕಪ್ಪೆ ತನ್ನ ವಿಶಿಷ್ಟ ಸ್ವರ ಹೊರಡಿಸುತ್ತದೆ ಎಂದ. ನಿಜವಾಗಿ ಕೂಗುವಾಗ ಕಪ್ಪೆಯ ಬಾಯಿ ಮುಚ್ಚಿಯೇ ಇರುತ್ತದೆ. ಗಾಳಿ ಶ್ವಾಸಕೋಶಕ್ಕೂ ಗಂಟಲ ಚೀಲಕ್ಕೂ ನಡುವೆ ಓಡಾಡುತ್ತದೆ. ನಾಲಗೆಗೆ ಅಲ್ಲಿ ಕೆಲಸವಿಲ್ಲ. ಆದರೆ ನಾಲಗೆಯೆಂದರೆ ಮಾತು ಎಂದುಕೊಂಡಿದ್ದ ಮನುಷ್ಯನಿಗೆ ಕಪ್ಪೆಯ ನಾಲಗೆಯಲ್ಲೂ ಮಾತೇ ಕಂಡಿತು.

9ನೇ ಶತಮಾನದಲ್ಲಿ ಬಗ್ದಾದಿನ ಅಬ್ಬಾಸೀ ಖಲೀಫರ ಕಾಲದಲ್ಲಿ ಅರಿಸ್ಟಾಟಲನ ಪ್ರಾಣಿಶಾಸ್ತ್ರ ಅರಬಿ ಭಾಷೆಗೆ ಬಂತು. ಬಸ್ರಾದ ಅಲ್ ಜಾಹಿಝ್ ಏಳು ಸಂಪುಟಗಳ 'ಕಿತಾಬುಲ್ ಹಯವಾನ್' ಬರೆದದ್ದು ಅದೇ ಕಾಲದಲ್ಲಿ. ಕೆಳದವಡೆ ನೀರಿನಲ್ಲಿ ಮುಳುಗುವವರೆಗೆ ಕಪ್ಪೆ ಕೂಗಲಾರದು ಎಂದು ಜಾಹಿಝ್ ಬರೆಯುತ್ತಾನೆ. ಅರಿಸ್ಟಾಟಲನನ್ನು ಓದಿದವರಿಗೆ ಇದರ ಮೂಲ ಗೊತ್ತಾಗುತ್ತದೆ. ಆದರೆ ಜಾಹಿಝ್ ಗ್ರೀಕನ ಮಾತನ್ನು ಕಣ್ಣುಮುಚ್ಚಿ ಒಪ್ಪುವವನಲ್ಲ. ಅನೇಕ ಕಡೆ ಅವನನ್ನು ಪ್ರಶ್ನಿಸುತ್ತಾನೆ, ಬೇಟೆಗಾರರಲ್ಲಿ, ನಾವಿಕರಲ್ಲಿ ವಿಚಾರಿಸಿ ತಿಳಿದದ್ದನ್ನು ಅದರ ಪಕ್ಕಕ್ಕಿಡುತ್ತಾನೆ. ಯಾವ ಪ್ರಾಣಿ ಯಾವುದನ್ನು ತಿನ್ನುತ್ತದೆ, ಅದನ್ನು ಮತ್ತಾವುದು ತಿನ್ನುತ್ತದೆ ಎಂಬ ಸರಪಣಿಯ ಬಗ್ಗೆ ಅವನಿಗೆ ವಿಶೇಷ ಆಸಕ್ತಿಯಿತ್ತು. ಕಪ್ಪೆ ಶಂಕರನ ಕಥೆ ಬಿಟ್ಟ ಪ್ರಶ್ನೆ ಅಲ್ಲಿ ಒಂದು ಬಗೆಯಲ್ಲಿ ಎದ್ದಿತ್ತು. ಮುಂದೆ 1405ರಲ್ಲಿ ತೀರಿಕೊಂಡ ಈಜಿಪ್ಟಿನ ಅದ್ದಮೀರಿ ತನ್ನ ಪ್ರಾಣಿಕೋಶದಲ್ಲಿ ಕಪ್ಪೆಯ ಕುರಿತ ಹದೀಸ್, ಫಿಕ್‌ಹ್, ಔಷಧ, ಕನಸಿನ ಫಲ ಎಲ್ಲವನ್ನೂ ಕಲೆಹಾಕಿದ. ಅರಬಿಯ ಆ ಅರಿಸ್ಟಾಟಲ್ ಅನುವಾದವನ್ನೇ ಸುಮಾರು 1220ರ ಹೊತ್ತಿಗೆ ಮೈಕೇಲ್ ಸ್ಕಾಟ್ ಎಂಬ ವಿದ್ವಾಂಸ ಲ್ಯಾಟಿನ್ನಿಗೆ ತಂದ. ಯುರೋಪು ಕಪ್ಪೆಯ ನಾಲಗೆಯ ಬಗ್ಗೆ ಓದಿದ್ದು ಹೀಗೆ ಬಗ್ದಾದಿನ ಮೂಲಕ.

ಶೃಂಗೇರಿ ಎಂದೊಡನೆ ನಮ್ಮ ಓದುಗರಿಗೆ 1791 ನೆನಪಾಗಬಹುದು. ಪರಶುರಾಮ ಭಾವುವಿನ ಮರಾಠಾ ಸೈನ್ಯದ ದಂಡಾಳುಗಳು ಮಠವನ್ನು ದೋಚಿದ್ದು, ಟಿಪ್ಪು ಸುಲ್ತಾನ್ ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಒದಗಿಸುವಂತೆ ಆಜ್ಞೆ ಕಳಿಸಿದ್ದು ಆ ವರ್ಷದ ಸುದ್ದಿ. ಆ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕೈಗೆ ಸಿಕ್ಕವು. ಅದೇ 1791ರಲ್ಲಿ ಇಟಲಿಯ ಬೊಲೋನಾದಲ್ಲಿ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ ತಾಗಿದಾಗ ಜಿಗಿಯುವುದರ ಬಗ್ಗೆ ತನ್ನ ಗ್ರಂಥ ಪ್ರಕಟಿಸಿದ. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಅಂದಿನಿಂದ ಕಪ್ಪೆಯ ಹಣೆಬರಹ ಬದಲಾಯಿತು. ಪ್ರಯೋಗಶಾಲೆಯ ಮೇಜು ಅದರ ಮನೆಯಾಯಿತು.

ನಮ್ಮ ಕಾಲೇಜುಗಳಲ್ಲೂ ಅದೇ ನಡೆಯಿತು. ಪಿಯುಸಿಯಲ್ಲಿ ವಿಜ್ಞಾನ ಓದಿದ ಒಂದು ತಲೆಮಾರಿನವರನ್ನು ಕೇಳಿ ನೋಡಿ. ಮೇಣದ ತಟ್ಟೆ, ಗುಂಡುಸೂಜಿ, ಕ್ಲೋರೋಫಾರಂ ವಾಸನೆ ಅವರಿಗೆ ನೆನಪಿದೆ. ಬಾಯಿ ಬಿಡಿಸಿ ನಾಲಗೆಯನ್ನು ಚಿಮುಟದಲ್ಲಿ ಎತ್ತಿ ಅದರ ತುದಿ ಸೀಳಿರುವುದನ್ನು ತೋರಿಸುತ್ತಿದ್ದರು. ನಮ್ಮ ಗದ್ದೆಗಳ ದೊಡ್ಡ ಹಳದಿ ಕಪ್ಪೆಯ, ಅಂದರೆ ಗೊಂಕರು ಕಪ್ಪೆಯ ನಾಲಗೆ ಕವಲೊಡೆದದ್ದು. 'ಬೇಟೆ ಹಿಡಿಯಲು' ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಅಂಕ ಸಿಗುತ್ತಿತ್ತು. ಆ ನಾಲಗೆ ಬೇಟೆ ಹಿಡಿಯುವುದನ್ನು ಜೀವಂತವಾಗಿ ನೋಡಿದ ವಿದ್ಯಾರ್ಥಿ ಅಪರೂಪ. ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿಗಳ ಅಂಗಚ್ಛೇದವನ್ನು ನಿಲ್ಲಿಸುವ ಕ್ರಮಗಳನ್ನು ಯುಜಿಸಿ ಕೈಗೊಂಡದ್ದು 2011ರಿಂದೀಚೆಗೆ.

ಇದಕ್ಕೆ ಅಪವಾದವಾಗಿ ಕಪ್ಪೆಯನ್ನು ಹುಡುಕಿಕೊಂಡು ಕಾಡಿಗೆ ಹೋದವರೂ ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ (1882-1960) ಅವರಲ್ಲಿ ಮೊದಲಿಗರು. ಕೊಡಗು, ಸಕಲೇಶಪುರದ ಘಟ್ಟ, ಕೊಟ್ಟಿಗೆಹಾರ ಮುಂತಾದ ಕಡೆಯ ಕಪ್ಪೆಗಳನ್ನು ವಿವರಿಸಿ ಅವರು 1937ರಲ್ಲಿ ಪ್ರಕಟಿಸಿದ ಪ್ರಬಂಧ ಪಶ್ಚಿಮಘಟ್ಟದ ಕಪ್ಪೆಗಳ ಬಗ್ಗೆ ಇಂದಿಗೂ ತೆಗೆದು ನೋಡಬೇಕಾದ ಬರಹ. ನಮ್ಮ ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಒಂದು ಕಪ್ಪೆಗೆ ಅಂಟಿಕೊಂಡದ್ದು ಅವರಿಂದಲೇ. 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ಸಂಗ್ರಹಿಸಿದ ಕಪ್ಪೆಗಳ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಯಾವ ಕಪ್ಪೆಗೆ ಅವರು ಯಾವ ಹೆಸರಿಟ್ಟಿದ್ದರು ಎಂದು ಈಗಿನ ಸಂಶೋಧಕರು ಅದೇ ಊರುಗಳಿಗೆ ಮತ್ತೆ ಹೋಗಿ ಹುಡುಕಬೇಕಾಯಿತು. ಹಳೆಯ ವಸ್ತುಗಳನ್ನು ಕಾಪಾಡುವುದರಲ್ಲಿ ನಮ್ಮ ವಿದ್ಯಾಸಂಸ್ಥೆಗಳ ಆಸಕ್ತಿ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ನೆಮ್ಮಾರಿನ ಹುಡುಗನ ಪ್ರಶ್ನೆಗೆ ಮರಳೋಣ. ಹುಳ ಎಲ್ಲಿಗೆ ಹೋಯಿತು?

ಮೊದಲು ಕಣ್ಣು. 1959ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನಿಂದ ಮೆದುಳಿಗೆ ಹೋಗುವ ನರತಂತುಗಳನ್ನು ಪರೀಕ್ಷಿಸಿದರು. ಆ ಕಣ್ಣು ಕ್ಯಾಮೆರಾದಂತೆ ಕಂಡದ್ದನ್ನೆಲ್ಲ ಮೆದುಳಿಗೆ ಕಳಿಸುವುದಿಲ್ಲ ಎಂದು ಗೊತ್ತಾಯಿತು. ಸಣ್ಣದಾಗಿ, ಕಪ್ಪಾಗಿ, ಚಲಿಸುತ್ತಿರುವ ವಸ್ತು ಕಂಡಾಗ ಮಾತ್ರ ಎಚ್ಚರಗೊಳ್ಳುವ ತಂತುಗಳು ಅದರಲ್ಲಿವೆ. ಸುತ್ತ ಸತ್ತ ನೊಣಗಳ ರಾಶಿಯೇ ಬಿದ್ದಿದ್ದರೂ ಅವು ಅಲುಗದಿದ್ದರೆ ಕಪ್ಪೆ ಹಸಿವಿನಿಂದ ಸಾಯಬಹುದು. ಜಗಲಿಯಲ್ಲಿ ಬಿದ್ದ ಗೆದ್ದಲುಗಳಲ್ಲಿ ನಿಶ್ಚಲವಾಗಿದ್ದವು ಹಾಗೆಯೇ ಉಳಿದು, ರೆಕ್ಕೆ ಬಡಿದವು ಮಾತ್ರ ಮಾಯವಾಗಿದ್ದು ಇದಕ್ಕೇ.

ಅನಂತರ ನಾಲಗೆ. ಕಪ್ಪೆ ಬಾಯಿ ತೆರೆದು ಕೆಳದವಡೆಯನ್ನು ಸರಕ್ಕನೆ ಕೆಳಗಿಳಿಸುತ್ತದೆ. ಹಿಂದಕ್ಕೆ ಮಡಚಿಕೊಂಡಿದ್ದ ನಾಲಗೆ ಮುಂಭಾಗದ ಬುಡವನ್ನೇ ಕೀಲಾಗಿಸಿ ಹೊರಕ್ಕೆ ಮಗುಚುತ್ತದೆ. ಬಾಯೊಳಗೆ ಮೇಲ್ಮುಖವಾಗಿದ್ದ ಬದಿ ಹೊರಗೆ ಕೆಳಮುಖವಾಗಿ ಹುಳುವಿನ ಮೇಲೆ ಅಪ್ಪಳಿಸುತ್ತದೆ. ಇದನ್ನು ಮಾಡಿಸುವ ಸ್ನಾಯು ಯಾವುದು ಎಂಬ ಬಗ್ಗೆ ಬಹುಕಾಲ ಬೇರೆ ಬೇರೆ ವಾದಗಳಿದ್ದವು. 1982ರಲ್ಲಿ ಕಾರ್ಲ್ ಗ್ಯಾನ್ಸ್ ಮತ್ತು ಗೋರ್ನಿಯಾಕ್ ನೆಲಗಪ್ಪೆಯ ಸ್ನಾಯುಗಳಿಗೆ ತಂತಿ ಜೋಡಿಸಿ, ಅತಿವೇಗದ ಚಿತ್ರ ತೆಗೆದು ನೋಡಿದರು. ದವಡೆಯಿಂದ ನಾಲಗೆಗೆ ಹೋಗುವ ಸ್ನಾಯು ಬಿಗಿದು ಕೋಲಿನಂತೆ ಗಟ್ಟಿಯಾಗಿ, ಮೆತ್ತನೆಯ ತುದಿಯನ್ನು ಎತ್ತಿ ಹೊರಗೆಸೆಯುತ್ತದೆ ಎಂಬುದು ಅವರ ತೀರ್ಮಾನ. ಅರಿಸ್ಟಾಟಲನಿಂದ ಇಲ್ಲಿಗೆ ಬರಲು ಎರಡು ಸಾವಿರದ ಮುನ್ನೂರು ವರ್ಷಗಳು ಬೇಕಾದವು.

ಅಲ್ಲಿಗೂ ಮುಗಿಯಲಿಲ್ಲ. ನಾಲಗೆ ತಾಗಿತು ಸರಿ, ಹುಳು ಅಂಟಿದ್ದು ಹೇಗೆ? 2014ರಲ್ಲಿ ಜರ್ಮನಿಯ ಕ್ಲೈನ್‌ಟೈಶ್ ಮತ್ತು ಗೋರ್ಬ್ ದಕ್ಷಿಣ ಅಮೆರಿಕದ ಕೊಂಬುಗಪ್ಪೆಗಳ ಮುಂದೆ ಗಾಜಿನ ತುಂಡನ್ನು ಹಿಡಿದು, ಅದರ ಹಿಂದೆ ಹುಳುವನ್ನಿಟ್ಟರು. ಕಪ್ಪೆಗಳು ಗಾಜಿಗೆ ನಾಲಗೆ ಬೀಸಿದವು. ಆ ಅಂಟು ಕಪ್ಪೆಯ ಮೈತೂಕಕ್ಕಿಂತಲೂ ಹೆಚ್ಚಿನ ಭಾರವನ್ನು ತಡೆಯಬಲ್ಲದು ಎಂದು ಅಳತೆಯಿಂದ ತಿಳಿಯಿತು. 2017ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್, ಡೇವಿಡ್ ಹೂ ಮತ್ತು ಸಂಗಡಿಗರು ಆ ಅಂಟಿನ ಗುಟ್ಟನ್ನು ಬಿಡಿಸಿದರು. ಕಪ್ಪೆಯ ನಾಲಗೆ ನಮ್ಮ ನಾಲಗೆಗಿಂತ ಸುಮಾರು ಹತ್ತು ಪಟ್ಟು ಮೆತ್ತಗೆ; ಹೆಚ್ಚುಕಡಿಮೆ ಮೆದುಳಿನಷ್ಟು. ಹುಳುವಿಗೆ ತಾಗಿದಾಗ ಅದು ಹಿಸುಕಿ ಹರಡಿ ಹುಳುವನ್ನು ಸುತ್ತಿಕೊಳ್ಳುತ್ತದೆ. ಅದರ ಜೊಲ್ಲೋ ಇನ್ನೂ ವಿಚಿತ್ರ. ಅಪ್ಪಳಿಸಿದ ಕ್ಷಣದಲ್ಲಿ ಅದು ನೀರಿನಂತೆ ತೆಳ್ಳಗಾಗಿ ಹುಳುವಿನ ಮೈಯ ಸಂದುಗೊಂದುಗಳಿಗೆಲ್ಲ ಹರಿಯುತ್ತದೆ. ನಾಲಗೆ ಹಿಂದೆ ಸರಿಯುವಾಗ ಜೇನಿಗಿಂತ ಮಂದವಾಗಿ ಬಿಗಿಹಿಡಿಯುತ್ತದೆ. ಇಡೀ ಬೇಟೆ ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗದೊಳಗೆ ಮುಗಿಯುತ್ತದೆ. ನಾವು ಕಣ್ಣು ಮಿಟುಕಿಸುವುದು ಇದರ ಮುಂದೆ ಬಲು ನಿಧಾನ. ಹುಡುಗನಿಗೆ ಕಾಣದಿದ್ದುದು ಅವನ ತಪ್ಪಲ್ಲ.

ಹೀಗೆ ಬಿಗಿಯಾಗಿ ಅಂಟಿದ್ದನ್ನು ಬಿಡಿಸಿ ನುಂಗುವುದೂ ಒಂದು ಸಮಸ್ಯೆ. ಅದಕ್ಕೆ ಕಪ್ಪೆ ಕಣ್ಣುಗಳನ್ನು ಬಳಸುತ್ತದೆ ಎಂದರೆ ನಂಬುವುದು ಕಷ್ಟ. ನುಂಗುವಾಗ ಕಪ್ಪೆ ಕಣ್ಣು ಮುಚ್ಚುವುದನ್ನು ಯಾರು ಬೇಕಾದರೂ ನೋಡಬಹುದು. ಆಗ ಕಣ್ಣುಗುಡ್ಡೆಗಳು ಬಾಯಿಯ ಮೇಲ್ಭಾಗದಿಂದ ಒಳಕ್ಕಿಳಿದು ಆಹಾರವನ್ನು ಗಂಟಲಿಗೆ ತಳ್ಳುತ್ತವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಣ್ಣನ್ನು ಒಳಗೆಳೆಯುವ ಸ್ನಾಯುವಿನ ನರವನ್ನು ನಿಷ್ಕ್ರಿಯಗೊಳಿಸಿದಾಗ ಒಂದು ಮಿಡತೆಯನ್ನು ನುಂಗಲು ಕಪ್ಪೆಗೆ ಮೊದಲಿಗಿಂತ ಹೆಚ್ಚು ಸಲ ಗುಟುಕರಿಸಬೇಕಾಯಿತು. ಹೀಗೆ ಉಜ್ಜಿ ತಳ್ಳಿದಾಗ ಜೊಲ್ಲು ಮತ್ತೆ ತೆಳುವಾಗಿ ಹುಳುವನ್ನು ಬಿಟ್ಟುಕೊಡುತ್ತದೆ. 2022ರಲ್ಲಿ ಫ್ಲಾರಿಡಾದ ಸಂಶೋಧಕರು ಎಕ್ಸ್‌ರೇ ಚಲನಚಿತ್ರದಲ್ಲಿ ಕಂಡಂತೆ ನೆಲಗಪ್ಪೆಯ ನಾಲಗೆ ಹೃದಯದ ಬಳಿಯವರೆಗೂ ಹಿಂದಕ್ಕೆ ಜಗ್ಗಿಹೋಗುತ್ತದೆ.

ಇಷ್ಟೆಲ್ಲ ತಿಳಿದು ಏನಾಗಬೇಕು ಎಂದು ಕೇಳಬಹುದು. ಕಪ್ಪೆ ಏನು ತಿನ್ನುತ್ತದೆ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಒಮ್ಮೆ ಕೋಟಿಗಟ್ಟಲೆ ರೂಪಾಯಿಗಳ ಪ್ರಶ್ನೆಯಾಗಿತ್ತು. 1950ರ ದಶಕದ ಕೊನೆಯಿಂದ ಭಾರತ ಕಪ್ಪೆಕಾಲುಗಳನ್ನು ಹೆಪ್ಪುಗಟ್ಟಿಸಿ ಯುರೋಪು, ಅಮೆರಿಕಗಳಿಗೆ ಕಳಿಸತೊಡಗಿತು. ಕೊಚ್ಚಿ, ಕಲ್ಕತ್ತಾಗಳಿಂದ ಹಡಗುಗಳು ಹೊರಡುತ್ತಿದ್ದವು. ಹಿಡಿಯುವುದು ಸುಲಭ. ಮೊದಲ ಮಳೆಗೆ ಗಂಡುಗಳು ಗದ್ದೆಯಲ್ಲಿ ಒಟ್ಟಾಗಿ ಕೂಗುತ್ತವೆ, ಪೆಟ್ರೋಮ್ಯಾಕ್ಸ್ ಬೆಳಕು ಬಿಟ್ಟರೆ ಕಣ್ಣು ಕೋರೈಸಿ ಕೂತಲ್ಲೇ ಕೂರುತ್ತವೆ, ಗೋಣಿಚೀಲಕ್ಕೆ ತುಂಬಿದರಾಯಿತು. ಅಂದರೆ ಮೊಟ್ಟೆಯಿಡುವ ಕಾಲದಲ್ಲೇ ಹಿಡಿಯುತ್ತಿದ್ದರು. ಜೀವವಿದ್ದಂತೆಯೇ ಕಾಲು ಕತ್ತರಿಸಿ ಉಳಿದ ದೇಹವನ್ನು ಎಸೆಯುತ್ತಿದ್ದ ಕ್ರೌರ್ಯದ ವರದಿಗಳೂ ಬಂದವು. 1981ರಲ್ಲಿ ಒಂದೇ ವರ್ಷ ರಫ್ತಾದ ಕಾಲುಗಳ ತೂಕ 4000 ಟನ್ನಿಗೂ ಹೆಚ್ಚು. ಹೆಚ್ಚಿನವು ಗೊಂಕರು ಕಪ್ಪೆಯವು. ಹಿಡಿದು ಕೊಟ್ಟ ಬಡವನಿಗೆ ಸಿಕ್ಕಿದ್ದು ಒಂದು ರಾತ್ರಿಯ ಕೂಲಿ. ದೇಶಕ್ಕೆ ಬಂದದ್ದು ವಿದೇಶಿ ವಿನಿಮಯ. ಅದೇ ದೇಶ ಗದ್ದೆಯ ಕೀಟಗಳನ್ನು ಕೊಲ್ಲಲು ವಿದೇಶದಿಂದ ವಿಷ ತರಿಸುತ್ತಿತ್ತು.

ಈ ಲೆಕ್ಕದ ಎರಡೂ ಬದಿಗಳನ್ನು ಒಟ್ಟಿಗೆ ಇಟ್ಟು ನೋಡಿದವರಲ್ಲಿ ಮುಖ್ಯರು ಮುಂಬಯಿಯ ಹುಮಾಯೂನ್ ಅಬ್ದುಲ್ ಅಲಿ (1914-2001). ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸೋದರ ಸಂಬಂಧಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದವರು, 1951ರ ಬಾಂಬೆ ವನ್ಯಪ್ರಾಣಿ ಸಂರಕ್ಷಣಾ ಕಾಯಿದೆಯ ಹಿಂದಿದ್ದವರು. ಸಲೀಂ ಅಲಿಯ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ಹುಮಾಯೂನರ ಹೆಸರು ನಮ್ಮವರಿಗೂ ಗೊತ್ತಿಲ್ಲ. 1985ರಲ್ಲಿ ಅವರು ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಕಪ್ಪೆಕಾಲು ರಫ್ತಿನ ಬಗ್ಗೆ ದೀರ್ಘ ಲೇಖನ ಬರೆದರು. ಕಪ್ಪೆ ಹೊಲಗದ್ದೆಗಳಲ್ಲಿ ತಿಂದು ಮುಗಿಸುವ ಜೀವಿಗಳ ಲೆಕ್ಕ ಹಿಡಿಯದೆ ಡಾಲರಿನ ಲೆಕ್ಕ ಮಾತ್ರ ಬರೆಯುವುದು ಮೂರ್ಖತನವೆಂಬುದು ಅವರ ವಾದದ ತಿರುಳು. ಅದೇ ವರ್ಷ ಗೊಂಕರು ಕಪ್ಪೆಯನ್ನು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಯಿತು. 1987ರಲ್ಲಿ ಭಾರತ ಸರಕಾರ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ವ್ಯಾಪಾರ ನಿಲ್ಲಲಿಲ್ಲ, ಇಂಡೋನೇಶ್ಯಾಕ್ಕೆ ಹೋಯಿತು. ಅಲ್ಲಿಯ ಬಹುಸಂಖ್ಯಾತ ಮುಸ್ಲಿಮರು ಶಾಫಿಈಗಳು, ತಿನ್ನುವವರು ಯುರೋಪಿನವರು.

ಔಷಧಕ್ಕಾಗಿಯೂ ಕೊಲ್ಲಬೇಡಿ ಎಂಬ ಪ್ರವಾದಿವಚನವನ್ನೂ ಹುಮಾಯೂನರ ಲೇಖನವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು, ಧರ್ಮ ಮೊದಲೇ ವಿಜ್ಞಾನವನ್ನು ಹೇಳಿತ್ತು ಎಂದು ಎದೆತಟ್ಟಿಕೊಳ್ಳುವವರಿದ್ದಾರೆ. ನನಗೆ ಆ ಹುಮ್ಮಸ್ಸಿಲ್ಲ. ಹದೀಸ್ ಕಪ್ಪೆಯ ಪ್ರಯೋಜನವನ್ನು ಹೇಳುವುದಿಲ್ಲ. ಅದು ಗದ್ದೆಗೆ ಒಳ್ಳೆಯದು, ಆದ್ದರಿಂದ ಕೊಲ್ಲಬೇಡಿ ಎನ್ನುವುದಿಲ್ಲ. ಕೊಲ್ಲಬೇಡಿ ಎಂದಷ್ಟೇ ಹೇಳುತ್ತದೆ. ಪ್ರಯೋಜನವಿದ್ದರೆ ಮಾತ್ರ ಬದುಕುವ ಹಕ್ಕು ಎಂದಾದರೆ ಅಂಡಮಾನಿನಲ್ಲಿ ಏನು ಹೇಳುವುದು? ಈ ಶತಮಾನದಲ್ಲಿ ಅಲ್ಲಿಗೆ ಹೇಗೋ ತಲುಪಿದ ಇದೇ ಗೊಂಕರು ಕಪ್ಪೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿ, ಅಲ್ಲಿಯ ಮೂಲ ಕಪ್ಪೆಗಳನ್ನೂ ಹಲ್ಲಿಗಳನ್ನೂ ಅದೇ ನಾಲಗೆಯಿಂದ ಎಳೆದು ನುಂಗುತ್ತಿದೆ. ಇಲ್ಲಿ ರೈತನ ಮಿತ್ರನೆನಿಸಿದ್ದು ಅಲ್ಲಿ ಉಪದ್ರವ. ಕಪ್ಪೆ ಬದಲಾಗಿಲ್ಲ, ಮನುಷ್ಯ ಅದನ್ನು ಸಲ್ಲದ ಕಡೆಗೆ ಒಯ್ದ.

ನೆಮ್ಮಾರಿನಿಂದ ಮೇಲಕ್ಕೆ ಹೋದರೆ ಕುದುರೆಮುಖದ ಕಾಡು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಅಲ್ಲಿದೆ. ಅದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಯೂ ಇತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಗಣಿಯ ಪರ, ವಿರೋಧ ಮಾತುಗಳು ಕಾವೇರಿದ್ದ ದಿನಗಳಲ್ಲಿ ಕುವೆಂಪು ವಿಶ್ವವಿದ್ಯಾಲಯದ ಎಸ್. ವಿ. ಕೃಷ್ಣಮೂರ್ತಿ ಇಲ್ಲಿಯ ತೊರೆಗಳಲ್ಲಿ ಕಪ್ಪೆಗಳನ್ನು ಎಣಿಸುತ್ತಿದ್ದರು. ಕದಡದ ಕಾಡಿನಲ್ಲಿ ಮತ್ತು ಮನುಷ್ಯನ ಕೈ ಬಿದ್ದ ಜಾಗದಲ್ಲಿ ಕಪ್ಪೆಗಳ ಬಳಗ ಹೇಗೆ ಬೇರೆಯಾಗುತ್ತದೆ ಎಂಬ ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು.

ಅದಕ್ಕೂ ಎರಡು ವರ್ಷ ಮೊದಲು, 2001ರಲ್ಲಿ ಅವರು ತಮ್ಮ ಸಂಗಡಿಗರೊಂದಿಗೆ ಕುದುರೆಮುಖ ಕಾಡಿನ ತೊರೆಗಳ ಒಂದು ದೊಡ್ಡ ಸುಕ್ಕುಮೈಯ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿವರಿಸಿದರು. ಪ್ರಕಟವಾದದ್ದು ನಾರಾಯಣ ರಾಯರ ಅದೇ 'ಕರೆಂಟ್ ಸೈನ್ಸ್'ನಲ್ಲಿ. ಕಪ್ಪೆಗೆ ಕೊಟ್ಟ ಹೆಸರು 'ನಿಕ್ಟಿಬಟ್ರಾಕಸ್ ಹುಸೈನಿ'. ಈ ಹುಸೈನ್ ಯಾರು? ನೆಮ್ಮಾರಿನ ರಸ್ತೆ ಘಟ್ಟ ಇಳಿದು ಸೇರುವ ಕಾರ್ಕಳದವರು, ಸೈಯದ್ ಅಬ್ದುಲ್ಲಾ ಹುಸೈನ್. ಸಲೀಂ ಅಲಿಯವರ ಜೊತೆ ದುಡಿದ ಪಕ್ಷಿಶಾಸ್ತ್ರಜ್ಞ, ಅಂಡಮಾನಿನ ನಾರ್ಕೊಂಡಂ ದ್ವೀಪದ ಮಂಗಟ್ಟೆ ಹಕ್ಕಿಗಳನ್ನು ಮೊದಲಿಗೆ ಅಧ್ಯಯನ ಮಾಡಿದವರಲ್ಲೊಬ್ಬರು. ಕರಾವಳಿಯ ಮುಸ್ಲಿಮನೊಬ್ಬನ ಹೆಸರು ಶೃಂಗೇರಿ ಸೀಮೆಯ ಕಾಡಿನ ಕಪ್ಪೆಗೆ ಹೀಗೆ ಬಂತು. ಆದರೆ ಹೆಚ್ಚು ಕಾಲ ಉಳಿಯಲಿಲ್ಲ. ಪ್ರಾಣಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಆ ಹೆಸರು ಊರ್ಜಿತವಾಗಲಿಲ್ಲ. 2007ರಲ್ಲಿ ಅದೇ ಪತ್ರಿಕೆಯಲ್ಲಿ 'ನಿಕ್ಟಿಬಟ್ರಾಕಸ್ ಕರ್ನಾಟಕಾಯೆನ್ಸಿಸ್' ಎಂಬ ಬದಲಿ ಹೆಸರು ಪ್ರಕಟವಾಯಿತು. ಇದರಲ್ಲಿ ಯಾರ ಸಂಚೂ ಇಲ್ಲ, ತಾಂತ್ರಿಕ ಕಾರಣ ಅಷ್ಟೆ. ಹೊಸ ಹೆಸರಿಟ್ಟವರಲ್ಲಿ ಹಳೆಯ ಹೆಸರಿಟ್ಟವರೂ ಇದ್ದರು. ಹುಸೈನ್ 2009ರಲ್ಲಿ ತೀರಿಕೊಂಡರು.

ಕಪ್ಪೆ ಶಂಕರನ ಗುಡಿ ಮೆಟ್ಟಿಲಿನ ಕೆಳಗಡೆ, ನದಿಗೆ ತೀರಾ ಹತ್ತಿರದಲ್ಲಿದೆ. ಜುಲೈ, ಆಗಸ್ಟಿನಲ್ಲಿ ನೆಮ್ಮಾರು, ಕೆರೆಕಟ್ಟೆ ಕಡೆ ಮಳೆ ಬಿದ್ದು ತುಂಗೆ ಉಕ್ಕಿದಾಗ ಅದು ಮುಳುಗುತ್ತದೆ, ಪತ್ರಿಕೆಗಳಲ್ಲಿ ಅದರ ಚಿತ್ರ ಬರುತ್ತದೆ. ಕಲ್ಲಿನ ಹಾವು, ಕಲ್ಲಿನ ಕಪ್ಪೆ ಎರಡೂ ಕೆಂಪು ನೀರಿನ ಅಡಿಯಲ್ಲಿ. ಆ ರಾತ್ರಿಗಳಲ್ಲಿ ನೆಮ್ಮಾರಿನ ಗದ್ದೆಗಳಲ್ಲಿ ಕಪ್ಪೆಗಳ ಕೂಗಿನಿಂದ ಪಕ್ಕದವರ ಮಾತು ಕೇಳುವುದಿಲ್ಲ. ಆ ಹುಡುಗ ಈಗ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತು ನೋಡುತ್ತಾನಂತೆ. ಒಮ್ಮೆಯೂ ನಾಲಗೆ ಕಂಡಿಲ್ಲ ಎಂದು ಅವನ ದೂರು.